ಜೀರ್ಣ

ಹಳೆಯ ಕನ್ನಡ ಶಾಸನಗಳಲ್ಲಿ ಮತ್ತೆ ಮತ್ತೆ ಎದುರಾಗುವ ಒಂದು ಮಾತಿದೆ: ಖಂಡಸ್ಫುಟಿತ ಜೀರ್ಣೋದ್ಧಾರ. ಗುಡಿಗೆ ದತ್ತಿ ಬಿಡುವವರು ನಂದಾದೀಪಕ್ಕೆ ಇಷ್ಟು, ನೈವೇದ್ಯಕ್ಕೆ ಇಷ್ಟು ಎಂದು ಕಲ್ಲಿನ ಮೇಲೆ ಬರೆಸುವಾಗಲೇ ಒಡೆದದ್ದು, ಬಿರಿದದ್ದು, ಹಳತಾದದ್ದರ ದುರಸ್ತಿಗೂ ಒಂದು ಪಾಲು ತೆಗೆದಿಡುತ್ತಿದ್ದರು. ಸುಣ್ಣದ ವಾಸನೆ ಇನ್ನೂ ಆರದ ಗುಡಿಯೇ ಆದರೂ ಒಂದು ದಿನ ಬಿರುಕು ಬಿಡುತ್ತದೆ ಎಂಬ ಲೆಕ್ಕ. ಆ ದೂರದೃಷ್ಟಿ ದೊಡ್ಡದೇ, ಆದರೆ ನನ್ನನ್ನು ಹೆಚ್ಚು ಕಾಡಿದ್ದು ಆ ‘ಜೀರ್ಣ’ ಎಂಬ ಪದ. ಜೀರ್ಣ ಅಂದರೆ ಹಳತಾಗಿ ಶಿಥಿಲವಾದದ್ದು. ಜೀರ್ಣ ಅಂದರೆ ಹೊಟ್ಟೆಯಲ್ಲಿ ಅರಗಿದ್ದೂ ಹೌದು. ಕೂಸಿನ ಹೊಟ್ಟೆ ನೀವುತ್ತ ನಮ್ಮಜ್ಜಿ ‘ಜೀರ್ಣೋಭವ’ ಅನ್ನುತ್ತಿದ್ದಳು. ಅಗಸ್ತ್ಯರು ವಾತಾಪಿಯನ್ನು ಅರಗಿಸಿಕೊಂಡ ಕತೆ ಆಮೇಲೆ ಬರುತ್ತಿತ್ತು. ಗೋಡೆಗೆ ಅಂಟಿದರೆ ಕೇಡಾಗುವ ಪದ ಹೊಟ್ಟೆಗೆ ಬಂದಾಗ ಹೇಗೆ ಹರಕೆಯಾಗುತ್ತದೆ?

ಈ ಪ್ರಶ್ನೆ ನಿಘಂಟು ತಿರುವುವಾಗ ಹುಟ್ಟಿದ್ದಲ್ಲ. ಬಂಡೀಪುರದ ಕಾಡಂಚಿನ ಒಂದು ಊರಿನ ಆಚೆ, ಕಿತ್ತ ಲಂಟಾನದ ಪೊದೆಯನ್ನು ಬುಡಮೇಲು ಮಾಡಿ ಇಡುತ್ತಿದ್ದ ಹೆಂಗಸರ ಪಕ್ಕ ಸುಮ್ಮನೆ ನಿಂತಿದ್ದಾಗ ಹುಟ್ಟಿದ್ದು.

ಗುಂಡ್ಲುಪೇಟೆಯಿಂದ ಊಟಿಯ ಕಡೆ ಹೊರಟರೆ ಹಂಗಳದ ಆಸುಪಾಸಿನವರೆಗೂ ಹೊಲಗಳದ್ದೇ ರಾಜ್ಯ. ಮಳೆಗಾಲದಲ್ಲಿ ಸೂರ್ಯಕಾಂತಿ, ಚೆಂಡುಹೂ, ಜೋಳ, ಹುರುಳಿ, ಸಣ್ಣೀರುಳ್ಳಿ. ಕಾರು ನಿಲ್ಲಿಸಿ ಹೂವಿನ ನಡುವೆ ಫೋಟೊ ತೆಗೆಸಿಕೊಳ್ಳುವವರ ಸಾಲು. ದೂರದಲ್ಲಿ ಹಿಮವದ್ ಗೋಪಾಲಸ್ವಾಮಿ ಬೆಟ್ಟ ಮೋಡ ಹೊದ್ದುಕೊಂಡಿರುತ್ತದೆ. ಆಮೇಲೆ ಒಂದು ಕಡೆ ಹೊಲ ನಿಂತು ಕಾಡು ಶುರುವಾಗುತ್ತದೆ. ಮೈಸೂರಿನ ಮಹಾರಾಜರ ಕಾಲದಲ್ಲಿ, 1941ರಲ್ಲಿ, ಇಲ್ಲಿ ವೇಣುಗೋಪಾಲ ವನ್ಯಜೀವಿ ಉದ್ಯಾನವಾಯಿತು. 1973ರಲ್ಲಿ ಹುಲಿ ಯೋಜನೆ ಬಂದಾಗ ದೇಶದ ಮೊದಲ ಒಂಬತ್ತು ಮೀಸಲುಗಳಲ್ಲಿ ಬಂಡೀಪುರವೂ ಒಂದು. ನಕ್ಷೆಯಲ್ಲಿ ಎಳೆದ ಆ ಗೆರೆ ನೆಲದ ಮೇಲೆ ಕೆಲವೆಡೆ ಕಂದಕ, ಕೆಲವೆಡೆ ರೈಲುಕಂಬಿಯ ಬೇಲಿ, ಇನ್ನು ಕೆಲವೆಡೆ ಬರಿಯ ನೆನಪು. ಗೆರೆಗೆ ಅಂಟಿಕೊಂಡಂತೆ, ಪೂರ್ತಿ ಒಳಗೂ ಅಲ್ಲದ, ಪೂರ್ತಿ ಹೊರಗೂ ಅಲ್ಲದ ಒಂದು ಪಟ್ಟಿ ಇದೆ. ಕಾಡಿನ ಸೆರಗು ಅನ್ನಿ. ಯಾವ ಬಟ್ಟೆಯಲ್ಲೂ ಮೊದಲು ಸವೆಯುವುದು ಸೆರಗೇ. ಕೈ ಒರೆಸಲು, ಕಣ್ಣೊರೆಸಲು, ಬಿಸಿ ಪಾತ್ರೆ ಇಳಿಸಲು ಸಿಗುವುದು ಅದೇ ತಾನೆ.

ಇಂಥ ನೆಲಕ್ಕೆ ನಮ್ಮಲ್ಲಿ ಹೆಸರುಗಳಿಗೇನೂ ಕಮ್ಮಿಯಿಲ್ಲ. ಬೀಳು, ಪಾಳು, ಬಂಜರು, ಹಾಳು. ಪಹಣಿಯಲ್ಲಿ ‘ಖರಾಬು’ ಎಂದೇ ಒಂದು ಕಲಮು ಇದೆ. ಕೆಟ್ಟದ್ದು ಎಂದು ಅರ್ಥವಲ್ಲ, ಕಂದಾಯ ಹುಟ್ಟದ ನೆಲ ಎಂದರ್ಥ ಎಂದು ಗ್ರಾಮಲೆಕ್ಕಿಗರು ವಿವರಿಸುತ್ತಾರೆ. ಕಂದಾಯ ಹುಟ್ಟದ್ದನ್ನು ಕೆಟ್ಟದ್ದು ಎಂದು ಕರೆದದ್ದು ಯಾವ ಮನಸ್ಸು ಎಂದು ಕೇಳಿದರೆ ಅವರು ಇನ್ನೊಂದು ಫೈಲು ತೆರೆಯುತ್ತಾರೆ.

ಸೆರಗು ಸವೆದ ಕತೆಯನ್ನು ಸಾಮಾನ್ಯವಾಗಿ ಎರಡು ಸಾಲಿನಲ್ಲಿ ಮುಗಿಸುತ್ತೇವೆ: ದನ ಹೆಚ್ಚಾದವು, ಸೌದೆ ಕಡಿದರು. ಸೌದೆಯ ಮಾತು ಹಾಗಿರಲಿ. ‘ನಮ್ಮ ಸಂಘ’ದಂಥ ಪ್ರಯತ್ನಗಳಿಂದ ಈ ಭಾಗದ ಸಾವಿರಾರು ಮನೆಗಳಿಗೆ ಗ್ಯಾಸ್ ಒಲೆ ಬಂದು ಆ ಹೊರೆ ಅಷ್ಟಿಷ್ಟು ಇಳಿದಿದೆ. ದನದ ಕತೆ ಮಾತ್ರ ನಾವಂದುಕೊಂಡಷ್ಟು ಸರಳವಲ್ಲ. ಎಂ.ಡಿ. ಮಧುಸೂದನ್ ಎಂಬ ವನ್ಯಜೀವಿ ವಿಜ್ಞಾನಿ ಹಂಗಳದ ದನಗಳ ಬೆನ್ನು ಹತ್ತಿ ಹೋಗಿ 2005ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅದರ ಸಾರ ಕೇಳಿದಾಗ ನನಗೆ ಮೊದಲು ನಗು, ಆಮೇಲೆ ಭಯ ಬಂತು. ಈ ಊರಿನ ದನಗಳು ಕಾಡಿಗೆ ಹೋಗಿ ಮೇಯುತ್ತಿದ್ದದ್ದು ಹಾಲಿಗಾಗಿ ಅಷ್ಟಲ್ಲ, ಸಗಣಿಗಾಗಿ. ಮೊದಲೆಲ್ಲ ಆ ಸಗಣಿ ಊರಿನ ತಿಪ್ಪೆ ಸೇರಿ ಊರಿನ ಹೊಲಕ್ಕೇ ಹೋಗುತ್ತಿತ್ತು. ತೊಂಬತ್ತರ ದಶಕದಲ್ಲಿ ನಮ್ಮ ಕಾಫಿ ಮಾರಾಟ ಸರ್ಕಾರದ ಹಿಡಿತದಿಂದ ಸಡಿಲವಾಯಿತು. ಅದೇ ಹೊತ್ತಿಗೆ, 1994ರಲ್ಲಿ, ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಅಲ್ಲಿನ ಕಾಫಿ ಸುಟ್ಟುಹೋಯಿತು. ಜಗತ್ತಿನಾದ್ಯಂತ ಕಾಫಿ ಬೆಲೆ ಏರಿತು. ನಮ್ಮ ಕಾಫಿ ಸೀಮೆಯ ತೋಟಗಳಿಗೆ ಗೊಬ್ಬರ ಬೇಕಾಯಿತು. ಹಂಗಳದ ತಿಪ್ಪೆ ಲಾರಿ ಹತ್ತಿತು. ಸಗಣಿಗೆ ರೇಟು ಬಂದ ಮೇಲೆ ಹಾಲು ಕೊಡದ, ಉಳದ ಬಡಕಲು ದನವನ್ನೂ ಕಟ್ಟುವುದು ಲಾಭವೇ ಆಯಿತು.

ಬ್ರೆಜಿಲ್‌ನ ಒಂದು ಚಳಿಯ ರಾತ್ರಿಗೂ ಬಂಡೀಪುರದ ಹುಲ್ಲಿಗೂ ನಂಟು ಬೆಸೆದದ್ದು ಒಂದು ದನದ ಹೊಟ್ಟೆ. ಇದರಲ್ಲಿ ಹಂಗಳದ ರೈತನನ್ನು ದೂರುವುದು ಹೇಗೆ? ಬೆಂಗಳೂರಿನಲ್ಲಿ ಕೂತು ಫಿಲ್ಟರ್ ಕಾಫಿ ಹೀರುತ್ತ ಕಾಡಂಚಿನವರ ದನಗಳ ಬಗ್ಗೆ ಸಿಡಿಮಿಡಿಗೊಂಡ ಲೇಖನವೊಂದನ್ನು ನಾನೂ ಒಮ್ಮೆ ಬರೆದವನೇ.

ಇಲ್ಲಿ ‘ಜೀರ್ಣ’ ಎಂಬ ಆ ಪದ ನನಗೆ ಮತ್ತೆ ಸಿಕ್ಕಿತು. ಕಾಡು ಬದುಕಿರುವುದೇ ಅರಗಿಸಿಕೊಳ್ಳುವುದರಿಂದ. ಎಲೆ ಉದುರುತ್ತದೆ, ಗೆದ್ದಲು ತಿನ್ನುತ್ತದೆ. ಜಿಂಕೆ ಮೇಯುತ್ತದೆ, ಹಿಕ್ಕೆ ಹಾಕುತ್ತದೆ, ಸಗಣಿಹುಳ ಅದನ್ನು ಉರುಳಿಸಿಕೊಂಡು ಹೋಗಿ ಹೂಳುತ್ತದೆ. ಆನೆಯಂತೂ ತಿಂದದ್ದರಲ್ಲಿ ಅರ್ಧವನ್ನೂ ಸರಿಯಾಗಿ ಅರಗಿಸಿಕೊಳ್ಳಲಾರದು. ಆ ದೊಡ್ಡ ಹೊಟ್ಟೆಯ ಸಣ್ಣ ಅಜೀರ್ಣದ ಮೇಲೆ ಎಷ್ಟೋ ಬೀಜಗಳ ಬದುಕು ನಿಂತಿದೆ. ಜಿಂಕೆ ನೆಲ್ಲಿಕಾಯಿ ನುಂಗಿ, ಆಮೇಲೆ ನೆರಳಲ್ಲಿ ಕೂತು ಮೆಲುಕು ಹಾಕುವಾಗ ಗೊರಟನ್ನು ಉಗುಳುತ್ತದೆ. ಕಾಡಿನ ಎಷ್ಟೋ ನೆಲ್ಲಿಮರಗಳು ಹಾಗೆ ಮೆಲುಕಿನಿಂದ ಹುಟ್ಟಿದವು. ಒಂದರ ಹೊಟ್ಟೆಯಿಂದ ಇನ್ನೊಂದರ ಹೊಟ್ಟೆಗೆ ದಾಟುತ್ತ ಎಲ್ಲವೂ ಕೊನೆಗೆ ಮಣ್ಣಿಗೇ ಬರುತ್ತದೆ. ಹಂಗಳದ ಲಾರಿ ಮಾಡಿದ್ದು ಇಷ್ಟೇ: ಕಾಡಿನಲ್ಲಿ ತಿಂದದ್ದು ಕಾಡಿಗೂ ಬರಲಿಲ್ಲ, ಊರ ಹೊಲಕ್ಕೂ ಬರಲಿಲ್ಲ. ಅರಗುವ ಕ್ರಿಯೆ ಒಂದು ಕಡೆ, ಅರಗಿದ್ದು ಇನ್ನೊಂದು ಕಡೆ. ಹೊಟ್ಟೆಯ ಅರ್ಥದ ಜೀರ್ಣ ತಪ್ಪಿದ ನೆಲ ಗೋಡೆಯ ಅರ್ಥದಲ್ಲಿ ಜೀರ್ಣವಾಯಿತು. ಗೊರಸು ತುಳಿದು ತುಳಿದು ಮೇಲ್ಮಣ್ಣು ಗಟ್ಟಿ ಹಪ್ಪಳದಂತೆ ಬಿಗಿದು, ಬಿದ್ದ ಮಳೆ ಒಳಗಿಳಿಯದೆ ಜಾರಿಹೋಗುತ್ತದೆ. ಜ್ವರ ಬಿಟ್ಟವನಿಗೆ ಊಟ ತೋರಿಸಿದರೆ ಮುಖ ತಿರುಗಿಸುತ್ತಾನಲ್ಲ, ಹಾಗೆ ನೆಲಕ್ಕೆ ಹಸಿವೇ ಸತ್ತಿರುತ್ತದೆ.

ಹಸಿವು ಸತ್ತ ನೆಲಕ್ಕೆ ಬಂದು ಕೂತದ್ದು ಲಂಟಾನ. ಅಮೆರಿಕ ಖಂಡದ ಉಷ್ಣ ಸೀಮೆಯ ಗಿಡ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಬ್ರಿಟಿಷರು ಚೆಂದಕ್ಕೆಂದು ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ತಂದರು. ಚೆಂದವಾಗಿಯೇ ಇದೆ, ಒಂದೇ ಗೊಂಚಲಲ್ಲಿ ಹಳದಿ, ಕೇಸರಿ, ಗುಲಾಬಿ. 2020ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ನಮ್ಮ ಹುಲಿಗಳಿರುವ ಕಾಡುಗಳ ಶೇ. 40ಕ್ಕೂ ಹೆಚ್ಚು ಭಾಗದಲ್ಲಿ ಈಗ ಅದೇ ಹಬ್ಬಿದೆ. ಅದನ್ನು ದನ ತಿನ್ನದು, ಜಿಂಕೆ ತಿನ್ನದು. ಹಸಿವು ತಡೆಯಲಾರದೆ ಬಾಯಿ ಹಾಕಿದ ದನದ ಈಲಿ ಕೆಡುತ್ತದೆ, ಬಿಸಿಲಿಗೆ ಚರ್ಮ ಸುಲಿಯುತ್ತದೆ. ಅಂದರೆ ಆ ನೆಲದಲ್ಲಿ ಬೇಕಾದಷ್ಟು ಹಸಿರಿದೆ, ಅದನ್ನು ಅರಗಿಸಿಕೊಳ್ಳುವ ಹೊಟ್ಟೆ ಇಲ್ಲ. ದೂರದಿಂದ ನೋಡಿದವರು ಕಾಡು ದಟ್ಟವಾಗಿದೆ ಎಂದು ಖುಷಿಪಡುತ್ತಾರೆ. ಉಬ್ಬಿದ ಹೊಟ್ಟೆ ನೋಡಿ ಮಗು ಗುಂಡಗುಂಡಗೆ ಬೆಳೆದಿದೆ ಅಂದಹಾಗೆ.

ಕೀಳುವ ಕೆಲಸ ನೋಡುವುದಕ್ಕೆ ಸುಲಭ. ಬರಿದೆ ಕಡಿದರೆ ನಾಲ್ಕು ಕಡೆ ಚಿಗುರುತ್ತದೆ. ಸುಟ್ಟರೂ ಚಿಗುರುತ್ತದೆ. ಜೆಸಿಬಿ ತಂದು ಕಿತ್ತರೆ ಮಣ್ಣು ಮಗುಚಿ, ಅದರಲ್ಲಿ ಮಲಗಿದ್ದ ಲಂಟಾನದ ಬೀಜಗಳಿಗೆಲ್ಲ ಹಬ್ಬ. ದೆಹಲಿ ವಿಶ್ವವಿದ್ಯಾಲಯದ ಸಿ.ಆರ್. ಬಾಬು ಮತ್ತು ಸಂಗಡಿಗರು ಹುಡುಕಿದ ದಾರಿ ಬೇರೆ: ಮಣ್ಣಿನಿಂದ ಎರಡು ಮೂರು ಬೆರಳು ಕೆಳಗೆ, ಕಾಂಡ ಮುಗಿದು ಬೇರು ಶುರುವಾಗುವ ಜಾಗದ ಕೆಳಗೆ ತಾಯಿಬೇರನ್ನು ಕತ್ತರಿಸಬೇಕು. ಆಮೇಲೆ ಪೊದೆಯನ್ನು ಎತ್ತಿ ತಲೆಕೆಳಗಾಗಿ ಇಡಬೇಕು, ಬೇರು ಆಕಾಶ ನೋಡುವಂತೆ. ಅಷ್ಟೇ. ಮಿಕ್ಕ ಮಣ್ಣನ್ನು ಕೆದಕಬಾರದು. ಈ ಅಷ್ಟೇ ಎಂಬುದು ಬಿಸಿಲಲ್ಲಿ, ಮುಳ್ಳಿನ ನಡುವೆ, ಬೆನ್ನು ಬಗ್ಗಿಸಿ, ಒಂದೊಂದೇ ಪೊದೆಗೆ ಮಾಡುವ ಕೆಲಸ. ನಾನೂ ಗುದ್ದಲಿ ಹಿಡಿದು ನೋಡಿದೆ. ಎರಡನೆಯ ಪೊದೆಗೆ ನನ್ನ ಉತ್ಸಾಹದ ತಾಯಿಬೇರೇ ಕತ್ತರಿಸಿಹೋಯಿತು.

ಗುಂಡ್ಲುಪೇಟೆ ತಾಲ್ಲೂಕಿನ ಲೊಕ್ಕೆರೆಯ ಕಾಡಿನ ಸುತ್ತ ಜಂಗಲ್‌ಸ್ಕೇಪ್ಸ್ ಎಂಬ ಟ್ರಸ್ಟು ಅಲ್ಲಿನ ಊರವರನ್ನು ಜೊತೆಗಿಟ್ಟುಕೊಂಡು ವರ್ಷಾನುಗಟ್ಟಲೆಯಿಂದ ಇಂಥದ್ದೇ ಕೆಲಸ ಮಾಡುತ್ತ ಬಂದಿದೆ. ಬೇರೆಡೆಯೂ ಸಣ್ಣ ದೊಡ್ಡ ಪ್ರಯತ್ನಗಳಿವೆ. ಇವುಗಳಲ್ಲಿ ನನಗೆ ಹಿಡಿಸಿದ್ದು ಗಿಡ ನೆಡುವ ಗದ್ದಲ ಕಡಿಮೆ ಇರುವುದು. ವನಮಹೋತ್ಸವದ ಗುಂಡಿ, ಗಣ್ಯರ ಕೈಯ ಬಿಂದಿಗೆ, ಮರುವರ್ಷ ಅದೇ ಗುಂಡಿಗೆ ಹೊಸ ಗಿಡ. ಅದನ್ನು ಸಾಕಷ್ಟು ನೋಡಿದ್ದೇವೆ. ಇಲ್ಲಿ ಮಾಡುವುದು ಹೆಚ್ಚಾಗಿ ತೆಗೆಯುವ ಕೆಲಸ, ಆಮೇಲೆ ಕಾಯುವ ಕೆಲಸ. ಅದೂ ಒಟ್ಟಿಗೇ ಬೋಳಿಸುವಂತಿಲ್ಲ. ಲಂಟಾನದ ಮರೆಯಲ್ಲೂ ಮೊಲ ಗೂಡು ಮಾಡಿರುತ್ತದೆ, ಪಿಕಳಾರ ಅದರ ಹಣ್ಣು ತಿಂದು ಬದುಕಿರುತ್ತದೆ. ಕಿತ್ತ ಪೊದೆಯ ಒಣಕಡ್ಡಿಯನ್ನು ಬರಡು ನೆಲದ ಮೇಲೆ ಹರಡಿದರೆ ಮಳೆಹನಿಯ ಪೆಟ್ಟು ತಗ್ಗುತ್ತದೆ, ಬೀಸಿಬಂದ ಬೀಜ ಅಲ್ಲೇ ತಂಗುತ್ತದೆ, ದನವೂ ಕಾಲಿಡಲು ಹಿಂಜರಿಯುತ್ತದೆ. ಆಮೇಲೆ ಗೆದ್ದಲು ಬರುತ್ತದೆ. ಜೀವಂತ ಇರುವಾಗ ಯಾರ ಹೊಟ್ಟೆಗೂ ಒಗ್ಗದ ಲಂಟಾನವನ್ನು ಸತ್ತ ಮೇಲೆ ಗೆದ್ದಲು ಅರಗಿಸುತ್ತದೆ. ಮಣ್ಣಿನ ಕೆಳಗೆ ಸುರಂಗ, ಸುರಂಗದಲ್ಲಿ ನೀರು. ಒಂದು ಮಳೆಗಾಲ ಕಳೆದು ಹುತ್ತದ ಸುತ್ತ ಬಿಳಿ ಅಣಬೆ ಎದ್ದರೆ, ಆ ನೆಲಕ್ಕೆ ಮತ್ತೆ ಬಾಯಿರುಚಿ ಬಂದಿದೆ ಎಂದು ತಿಳಿಯಬಹುದು. ಹುಲ್ಲು ಬರುತ್ತದೆ. ಬೋರೆ, ಕಕ್ಕೆ, ಮುತ್ತುಗ, ದಿಂಡಿಗಗಳು ಯಾರೂ ಕರೆಯದೆ ತಲೆ ಎತ್ತುತ್ತವೆ.

ಲಂಟಾನವನ್ನು ಮನುಷ್ಯರೂ ಅರಗಿಸಲು ನೋಡಿದ್ದಾರೆ. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಬಿದಿರಿನ ಬದಲು ಅದರ ಕಾಂಡವನ್ನು ಬೇಯಿಸಿ, ಸಿಪ್ಪೆ ತೆಗೆದು, ಬಗ್ಗಿಸಿ ಕುರ್ಚಿ ಮೇಜು ಮಾಡಿದರು. ನೀಲಗಿರಿಯ ಆದಿವಾಸಿಗಳು ಆಳೆತ್ತರದ, ಆನೆಯೆತ್ತರದ ಲಂಟಾನದ ಆನೆಗಳನ್ನು ಕಟ್ಟಿದರು. ಅವು 2021ರಲ್ಲಿ ಲಂಡನ್ನಿನ ಉದ್ಯಾನಗಳಲ್ಲಿ ನಿಂತವು, 2024ರಲ್ಲಿ ಅಮೆರಿಕದ ಪ್ರವಾಸ ಹೊರಟವು. ಅಲ್ಲಿಂದ ಇಲ್ಲಿಗೆ ಬಂದ ಗಿಡ ಆನೆಯಾಗಿ ತವರಿನ ಕಡೆಗೆ ಮುಖ ಮಾಡಿದ್ದು ನೋಡಿ ನಕ್ಕೆ.

ಗುಡಿಗೂ ಕಾಡಿಗೂ ಇಲ್ಲೊಂದು ವ್ಯತ್ಯಾಸ ಏಳುತ್ತದೆ. ಗುಡಿಯ ಜೀರ್ಣೋದ್ಧಾರ ಮಾಡುವವನ ಮುಂದೆ ಒಂದು ಮೂಲ ಇರುತ್ತದೆ. ಬಿದ್ದ ಕಂಬದ ಜೋಡಿ ಎದುರಿಗೇ ನಿಂತಿರುತ್ತದೆ. ಕಾಡಿನ ಮೂಲ ಯಾವುದು? 1973ರ ಹಿಂದಿನ ದಿನವೇ? ಮಹಾರಾಜರು ಬೇಟೆಯಾಡುತ್ತಿದ್ದ ಕಾಡೇ? ಅದಕ್ಕೂ ಮುಂಚೆ?

ಪಕ್ಕದ ಬಿಳಿಗಿರಿರಂಗನ ಬೆಟ್ಟದ ಸೋಲಿಗರನ್ನು ಕೇಳಿದರೆ ಉತ್ತರ ಇನ್ನಷ್ಟು ತೊಡಕಾಗುತ್ತದೆ. ಅವರು ವರ್ಷದ ಆರಂಭದಲ್ಲಿ, ಬೇಸಗೆ ಬಲಿಯುವ ಮುಂಚೆ, ನೆಲದ ಒಣಎಲೆಗೆ ಸಣ್ಣ ಬೆಂಕಿ ಕೊಡುತ್ತಿದ್ದರು. ತರಗು ಬೆಂಕಿ ಎಂದು ಅದರ ಹೆಸರು. ತರಗೆಲೆ ಮಾತ್ರ ಉರಿದು, ಮರದ ತೊಗಟೆ ಬೆಚ್ಚಗಾಗುವಷ್ಟರಲ್ಲಿ ಆರಿಹೋಗುವ ಬೆಂಕಿ. ಅದು ಹುಲ್ಲಿಗೆ ದಾರಿ ಬಿಡುತ್ತಿತ್ತು, ನೆಲ್ಲಿಮರವನ್ನು ಹಿಂಡುವ ಉಪ್ಪಿಲು ಎಂಬ ಬದನಿಕೆಯನ್ನು ಹದ್ದುಬಸ್ತಿನಲ್ಲಿಡುತ್ತಿತ್ತು ಎನ್ನುತ್ತಾರೆ. 1972ರ ವನ್ಯಜೀವಿ ಕಾಯ್ದೆ ಬಂತು, 1974ರಲ್ಲಿ ಬೆಟ್ಟ ಅಭಯಾರಣ್ಯವಾಯಿತು, ಬೆಂಕಿ ಅಪರಾಧವಾಯಿತು. ಆಮೇಲೆ ಲಂಟಾನ ಹಬ್ಬಿತು, ನೆಲ್ಲಿಯ ಮೇಲೆ ಉಪ್ಪಿಲು ಹೆಚ್ಚಿತು. ಬೆಂಕಿ ನಿಂತದ್ದೇ ಕಾರಣ ಎಂದು ಸೋಲಿಗರು ಹೇಳುತ್ತಲೇ ಬಂದರು. ವಿಜ್ಞಾನಿಗಳು ಅದನ್ನು ಗಂಭೀರವಾಗಿ ಅಳೆಯಲು ಕೂರುವಷ್ಟರಲ್ಲಿ ಒಂದು ತಲೆಮಾರು ಕಳೆದಿತ್ತು. 2011ರಲ್ಲಿ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಹುಲಿ ಮೀಸಲಿನ ಒಳಗೆ ಅಂಥ ಹಕ್ಕು ಸಿಕ್ಕಿದ್ದು ದೇಶದಲ್ಲೇ ಮೊದಲು. ಬೆಂಕಿ ಕೊಡುವ ಹಕ್ಕು ಅದರೊಳಗೆ ಬರಲಿಲ್ಲ. ಇತ್ತ ಬಂಡೀಪುರದಲ್ಲಿ 2019ರ ಫೆಬ್ರುವರಿಯಲ್ಲಿ ಬೇರೆ ಬೆಂಕಿ ಬಿತ್ತು. ಒಣಗಿ ನಿಂತ ಲಂಟಾನ ಏಣಿಯಾಯಿತು. ಜ್ವಾಲೆ ನೆಲದಿಂದ ಮರ ಹತ್ತಿತು. ಸಾವಿರಾರು ಎಕರೆ ಕಪ್ಪಾಯಿತು. ಬೆಂಕಿಯೂ ಒಂದು ಬಗೆಯ ಹೊಟ್ಟೆ. ಜಠರಾಗ್ನಿ ಎಂಬ ಮಾತು ನಮ್ಮವರ ಬಾಯಲ್ಲಿ ಸುಮ್ಮನೆ ಹುಟ್ಟಿರಲಾರದು. ಸಣ್ಣ ಹಸಿವಿಗೆ ಅನ್ನ ಕೊಡದೆ ವರ್ಷಗಟ್ಟಲೆ ಉಪವಾಸ ಕೆಡವಿದರೆ ಅದು ಒಂದು ದಿನ ಮನೆಯನ್ನೇ ಉಣ್ಣುತ್ತದೆ.

ಹಾಗಾದರೆ ಮೂಲದ ಕಾಡಿನಲ್ಲಿ ಮನುಷ್ಯನ ಕೈ ಇತ್ತು. ಆ ಕೈಯನ್ನು ಹೊರಗೆ ನಿಲ್ಲಿಸಿ ಕಾಡನ್ನು ಮೊದಲಿನಂತೆ ಮಾಡುತ್ತೇವೆ ಅನ್ನುವುದು ಯಾವ ಲೆಕ್ಕದ್ದು? ಮತ್ತೆ ಕರೆದು, ದಿನಗೂಲಿಗೆ ಅದೇ ಕೈಯಿಂದ ಲಂಟಾನ ಕೀಳಿಸುವುದನ್ನು ಏನೆಂದು ಕರೆಯಬೇಕು? ಯೋಜನಾ ವರದಿಗಳು ಇದಕ್ಕೆ ‘ಸಮುದಾಯದ ಸಹಭಾಗಿತ್ವ’ ಎನ್ನುತ್ತವೆ. ಆ ಮಾತು ಕೇಳಿದಾಗಲೆಲ್ಲ ನನಗೆ ಯಾವ ಸಮುದಾಯ ಎಂದು ಕೇಳುವ ಚಪಲ. ಕಾಡಂಚಿನ ಊರಿನಲ್ಲಿ ನೂರು ದನ ಕಟ್ಟಿದವನಿದ್ದಾನೆ, ಒಂದು ಮೇಕೆಯವಳಿದ್ದಾಳೆ, ಕಾಡಿನಿಂದ ಹೊರಗೆ ಬಂದು ಹಾಡಿಯಲ್ಲಿ ನೆಲೆನಿಂತ ಜೇನುಕುರುಬನಿದ್ದಾನೆ, ಕೂಲಿಗೆ ಶುಂಠಿ ಗದ್ದೆಗೆ ಹೋಗಿ ತಿಂಗಳಿಗೊಮ್ಮೆ ಬರುವವನಿದ್ದಾನೆ. ಹುಲ್ಲು ಬೆಳೆಯಲೆಂದು ಒಂದು ತುಂಡು ನೆಲದಲ್ಲಿ ಮೇಯಿಸುವುದನ್ನು ನಿಲ್ಲಿಸಿದರೆ ಮೊದಲು ಕಷ್ಟವಾಗುವುದು ಮೇಕೆಯವಳಿಗೆ. ನೂರು ದನದವನು ಬೇರೆ ದಾರಿ ನೋಡಿಕೊಳ್ಳುತ್ತಾನೆ. ಊರಿನ ಹತ್ತು ಸಮಸ್ತರು ಅಂತ ಹಿಂದೆ ಅನ್ನುತ್ತಿದ್ದರಲ್ಲ, ಆ ಹತ್ತರಲ್ಲಿ ಈಕೆ ಎಂದೂ ಇರಲಿಲ್ಲ. ಆದರೆ ಬೆಳಿಗ್ಗೆ ಗುದ್ದಲಿ ಹಿಡಿದು ಹೊರಡುವ ಗುಂಪಿನಲ್ಲಿ ಇರುವುದು ಈಕೆಯೇ, ಅಥವಾ ಈಕೆಯ ಸೊಸೆ.

ಅಂದು ನಾನು ಪಕ್ಕದಲ್ಲಿ ನಿಂತಿದ್ದ ಹೆಂಗಸು ಅಂಥವಳು. ಮೂರು ವರ್ಷದ ಹಿಂದೆ ತಾವು ಕಿತ್ತ ಜಾಗ ತೋರಿಸಲು ಕರೆದುಕೊಂಡು ಹೋದಳು. ಸೊಂಟದೆತ್ತರದ ಹುಲ್ಲು, ಗಾಳಿಗೆ ಒಮ್ಮೆಗೇ ಬಾಗಿ ಏಳುತ್ತಿತ್ತು. ಅವಳು ಹುಲ್ಲನ್ನು ನೋಡಲಿಲ್ಲ, ಹುಲ್ಲು ಮುರಿದಿದ್ದ ದಾರಿಯನ್ನು ನೋಡಿದಳು. “ಆನೆ ಬಂದವೆ,” ಅಂದಳು. ಲಂಟಾನ ಇದ್ದಾಗ ಈ ಕಡೆ ಬರುತ್ತಿರಲಿಲ್ಲವಂತೆ, ತಿನ್ನಲು ಏನಿತ್ತು? ಈಗ ಹುಲ್ಲಿದೆ. ಹುಲ್ಲಿನ ಆಚೆ, ಕಂದಕ ಕುಸಿದ ಕಡೆಯಿಂದ ದಾಟಿದರೆ, ಅವಳ ಮುಕ್ಕಾಲು ಎಕರೆ ಜೋಳ.

ನಾನು ತಬ್ಬಿಬ್ಬಾದೆ. ಅಲ್ಲಿಯವರೆಗೆ ಇದನ್ನು ಗೆಲುವು ಸೋಲಿನ ಭಾಷೆಯಲ್ಲೇ ಯೋಚಿಸುತ್ತಿದ್ದೆ: ನೆಲ ಚೇತರಿಸಿತೋ ಇಲ್ಲವೋ. ಚೇತರಿಸಿಕೊಂಡ ನೆಲ ಸುಮ್ಮನೆ ಚಿತ್ರದ ಹಾಗೆ ಇರುವುದಿಲ್ಲ, ಅದಕ್ಕೆ ಹೊಟ್ಟೆ ಬಂದಿರುತ್ತದೆ ಎಂದು ಹೊಳೆದಿರಲಿಲ್ಲ. ಕಾಡನ್ನು ಮರಳಿ ಕರೆಯುವುದೆಂದರೆ ಅದರ ಹಸಿವನ್ನೂ ಕರೆಯುವುದು. ಹಗಲು ಕೂಲಿಗೆ ಹೋಗಿ ಆನೆಗೆ ಮೇವು ಬೆಳೆಸುವವಳು ರಾತ್ರಿ ಅಟ್ಟಣೆಯಲ್ಲಿ ಕೂತು ಡಬ್ಬ ಬಡಿದು ಅದೇ ಆನೆಯನ್ನು ಅಟ್ಟುತ್ತಾಳೆ. ಈ ಎರಡರಲ್ಲಿ ಅವಳ ನಿಜವಾದ ಮನಸ್ಸು ಯಾವುದು ಎಂದು ಕೇಳುವುದೇ ಪಟ್ಟಣದವನ ಪ್ರಶ್ನೆ. ಆದರೂ ಕೇಳಿದೆ: ಹಾಗಾದರೆ ಲಂಟಾನ ಇದ್ದದ್ದೇ ಒಳ್ಳೆಯದಿತ್ತೇ?

ಅವಳು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. “ಅದ ಯಾರ್ ತಿಂದರು ಬುಡಿ,” ಅಂದಳು. ಅಂದರೆ ಅದನ್ನು ತಿನ್ನುವವರು ಯಾರು. ಯಾರೂ ತಿನ್ನದ್ದು ಇದ್ದರೆಷ್ಟು, ಬಿಟ್ಟರೆಷ್ಟು.

ವಾಪಸ್ಸು ಅವಳ ಹೊಲದ ಬದುವಿನ ಮೇಲೆ ಬಂದೆವು. ಹಿಂದಿನ ವಾರ ಆನೆ ನುಗ್ಗಿದ್ದ ಮೂಲೆಯಲ್ಲಿ ಜೋಳದ ದಂಟು ಚಾಪೆಯಂತೆ ಮಲಗಿತ್ತು. ಪರಿಹಾರದ ಅರ್ಜಿ ಕೊಟ್ಟಿದ್ದಾಳೆ; ಫೋಟೊ ಬೇಕು, ಪಹಣಿ ಬೇಕು, ಪಹಣಿ ಇನ್ನೂ ಸತ್ತ ಮಾವನ ಹೆಸರಲ್ಲಿದೆ. ಮಲಗಿದ ದಂಟುಗಳ ನಡುವೆ ಲದ್ದಿಯ ನಾಲ್ಕೈದು ಉಂಡೆ ಒಣಗುತ್ತ ಬಿದ್ದಿದ್ದವು. ಅವಳು ಕಾಲಿನಿಂದ ಒಂದನ್ನು ಒಡೆದಳು. ನಾರು, ಹುಲ್ಲು, ಯಾವುದೋ ಹಣ್ಣಿನ ಗೊರಟು, ನಡುನಡುವೆ ಬಿಳಿ ಕಾಳು, ಕೆಲವು ಇಡಿಯಾಗಿಯೇ. ಬಗ್ಗಿ ಒಂದು ಕಾಳು ಹೆಕ್ಕಿ ಬೆರಳಲ್ಲಿ ತಿರುವಿ ನೋಡಿದಳು.

“ನಮ್ ಜ್ವಾಳನೆ,” ಅಂದಳು.

ಮಿಕ್ಕ ಉಂಡೆಗಳನ್ನು ಮಂಕರಿಗೆ ತುಂಬಿಕೊಂಡು ತಿಪ್ಪೆಯ ಕಡೆ ಹೊರಟಳು.